ಓಟಗಾರನನ್ನು ಆರಿಸಿದರೆ ಓಟ ಸಿಗುತ್ತದೆಯೇ?

2025ರ ಸೆಪ್ಟೆಂಬರ್ 28ರಂದು ಲಾಸ್ ವೇಗಸ್‌ನಲ್ಲಿ ರೈಡರ್ಸ್ ಮತ್ತು ಶಿಕಾಗೊ ಬೇರ್ಸ್ ತಂಡಗಳು ಎದುರುಬದುರಾದವು. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ನಾಲ್ಕನೆಯ ವಾರದ ಪಂದ್ಯ ಅದು. ರೈಡರ್ಸ್ ತಂಡದ ಹೊಸ ಓಟಗಾರ ಆಷ್ಟನ್ ಜೆಂಟಿ ಅಂದು 138 ಗಜ ಓಡಿದರು. ಅದರಲ್ಲಿ ಒಂದು ಓಟವೇ 64 ಗಜದ್ದು. ಇಡೀ ತಂಡ ಚೆಂಡು ಹೊತ್ತು ಓಡಿದ ದೂರ 240 ಗಜ. ಕೊನೆಯ ಕ್ಷಣಗಳಲ್ಲಿ ಕಂಬಗಳ ನಡುವೆ ಹಾಯಿಸಿ ಅಂಕ ಗಳಿಸಲು ರೈಡರ್ಸ್ ಒದ್ದ ಚೆಂಡನ್ನು, ಅಂದರೆ ಫೀಲ್ಡ್ ಗೋಲನ್ನು, ಬೇರ್ಸ್ ಆಟಗಾರ ತಡೆದುದರಿಂದ ಪಂದ್ಯ 25-24ಕ್ಕೆ ಬೇರ್ಸ್ ಪಾಲಾಯಿತು. ಆದರೂ ಆ ಸಂಜೆ ರೈಡರ್ಸ್ ಅಭಿಮಾನಿಗೆ ಸಮಾಧಾನಪಡಲು ಕಾರಣವಿತ್ತು. ಐದು ತಿಂಗಳ ಹಿಂದೆ, ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್‌ನಲ್ಲಿ, ಆರನೆಯ ಆಯ್ಕೆಯನ್ನೇ ಕೊಟ್ಟು ತಂದ ಹುಡುಗ ಕೈಗೆ ಬಂದ ಹಾಗೆ ಕಂಡಿತು.

ಅದೇ ಪಂದ್ಯದಲ್ಲಿ ಇನ್ನೊಂದು ಘಟನೆ ನಡೆಯಿತು. ಓಟಗಾರನಿಗೆ ದಾರಿ ಬಿಡಿಸುವ ಐವರಲ್ಲೊಬ್ಬರಾದ ರೈಡರ್ಸ್‌ನ ಎಡ ಟ್ಯಾಕಲ್ ಕೋಲ್ಟನ್ ಮಿಲ್ಲರ್ ಪಾದದ ಕೀಲಿಗೆ ಪೆಟ್ಟು ಮಾಡಿಕೊಂಡು ಹೊರನಡೆದರು. ಅಲ್ಲಿಂದಾಚೆ ಜೆಂಟಿಯ ಮುಂದೆ ದಾರಿ ತೆರೆದುಕೊಂಡದ್ದು ಅಪರೂಪ. ರೈಡರ್ಸ್ 3 ಗೆಲುವು, 14 ಸೋಲುಗಳೊಂದಿಗೆ ಋತು ಮುಗಿಸಿತು. ಓಟದ ಗಜಗಳ ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. ಹಿಂದಿನ ವರ್ಷ, ಜೆಂಟಿ ಇಲ್ಲದ 2024ರಲ್ಲಿ, ಪಂದ್ಯಕ್ಕೆ ಸರಾಸರಿ 79.8 ಗಜ ಓಡಿದಾಗಲೂ ಅದೇ ಕಡೆಯ ಸ್ಥಾನವಿತ್ತು. ಅತ್ತ 240 ಗಜ ಬಿಟ್ಟುಕೊಟ್ಟ ಬೇರ್ಸ್ ತಂಡವು ಋತು ಮುಗಿಯುವಾಗ ಓಟದಲ್ಲಿ ಲೀಗ್‌ನ ಮೊದಲ ಮೂರು ತಂಡಗಳ ಸಾಲಿನಲ್ಲಿತ್ತು. ಅವರ ಪರ ಓಡಿದವರು ಆಗಲೇ ಎರಡು ತಂಡ ಬದಲಿಸಿ ಬಂದಿದ್ದ ಡಿ'ಆಂಡ್ರೆ ಸ್ವಿಫ್ಟ್, ಮತ್ತು ಡ್ರಾಫ್ಟ್‌ನ ಏಳನೆಯ ಸುತ್ತಿನಲ್ಲಿ 233ನೆಯವರಾಗಿ ಆಯ್ಕೆಯಾದ ಕೈಲ್ ಮೊನಾಂಗಾಯ್.

ಎರಡೂ ತಂಡಗಳು 2025ರ ಏಪ್ರಿಲ್‌ನಲ್ಲಿ ಗ್ರೀನ್ ಬೇಯಲ್ಲಿ ನಡೆದ ಡ್ರಾಫ್ಟ್‌ಗೆ ಹೋದಾಗ ಇಬ್ಬರಿಗೂ ಓಟದ ಆಟ ದುರ್ಬಲವಾಗಿತ್ತು. ಒಬ್ಬರದು ಸುಧಾರಿಸಿತು, ಇನ್ನೊಬ್ಬರದು ಇದ್ದಲ್ಲೇ ಉಳಿಯಿತು. ಇದನ್ನು ಅದೃಷ್ಟವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಐಪಿಎಲ್ ಹರಾಜು ನೋಡಿ ಬೆಳೆದ ನಮಗೆ ಡ್ರಾಫ್ಟ್ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಕೂಗಿ ಬೆಲೆ ಏರಿಸುವ ಮಾತಿಲ್ಲ. ಕಾಲೇಜು ಆಟ ಮುಗಿಸಿದವರನ್ನು 32 ತಂಡಗಳು ಸರದಿಯಲ್ಲಿ ಕರೆದುಕೊಳ್ಳುತ್ತವೆ. ಹಿಂದಿನ ವರ್ಷ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಒಟ್ಟು ಏಳು ಸುತ್ತು, 2025ರಲ್ಲಿ 257 ಆಯ್ಕೆಗಳು. ಸಂಬಳವೂ ಹೆಚ್ಚುಕಡಿಮೆ ಸರದಿಯ ಸಂಖ್ಯೆಗೆ ತಕ್ಕಂತೆ ನಿಗದಿಯಾಗಿರುತ್ತದೆ, ಒಪ್ಪಂದ ನಾಲ್ಕು ವರ್ಷ. ಆರನೆಯವರಾದ ಜೆಂಟಿಯದು ಸುಮಾರು 3.6 ಕೋಟಿ ಡಾಲರ್. ಆ ಸರದಿಯ ಹಕ್ಕೇ ಒಂದು ನಾಣ್ಯವಿದ್ದಂತೆ. ಅದನ್ನು ಬೇರೆ ತಂಡಕ್ಕೆ ಕೊಟ್ಟು ಆಟಗಾರನನ್ನು ತರಬಹುದು, ಹಿಂದೆ ಸರಿದು ಎರಡು ಹಕ್ಕುಗಳನ್ನು ಪಡೆಯಬಹುದು. ಈ ಮಾತಿಗೆ ಮತ್ತೆ ಬರುತ್ತೇನೆ.

ಮೊದಲು ಓಟ ಎಂದರೇನು ಎಂದು ಬಿಡಿಸಿ ನೋಡಬೇಕು. ಆಕ್ರಮಣ ಮಾಡುವ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ. ಚೆಂಡನ್ನು ಎಸೆದು ಹೋಗಬಹುದು, ಇಲ್ಲವೇ ಓಟಗಾರನ, ಅಂದರೆ ರನ್ನಿಂಗ್ ಬ್ಯಾಕ್‌ನ, ಕೈಗೆ ಕೊಟ್ಟು ಓಡಿಸಬಹುದು. ದೂರದರ್ಶನದ ಕ್ಯಾಮೆರಾ ಓಟಗಾರನ ಬೆನ್ನು ಹತ್ತುತ್ತದೆ. ಓಟದ ಹಣೆಬರಹ ಮಾತ್ರ ಅವನಿಗೆ ಚೆಂಡು ಸಿಗುವ ಮೊದಲ ಒಂದೆರಡು ಸೆಕೆಂಡಿನಲ್ಲಿ ಆಟ ಶುರುವಾಗುವ ಗೆರೆಯ ಮೇಲಿರುವ ಐದು ಜನರ ಕಾಲ ಬಳಿ ಬರೆದಾಗಿರುತ್ತದೆ. ನಡುವೆ ಸೆಂಟರ್, ಅವನ ಎರಡು ಮಗ್ಗುಲಲ್ಲಿ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಪ್ರತಿಯೊಬ್ಬರೂ 130 ಕಿಲೋ ಮೀರಿದವರು. ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್‌ನನ್ನು ಬಿಟ್ಟರೆ ಮಿಕ್ಕ ನಾಲ್ವರು ಅದನ್ನು ಮುಟ್ಟುವುದೇ ಇಲ್ಲ.

ಕಬಡ್ಡಿ ಬಲ್ಲವರಿಗೆ ಇವರ ಕೆಲಸ ಬೇಗ ಅರ್ಥವಾಗುತ್ತದೆ. ರಕ್ಷಣೆಯಲ್ಲಿ ಕೈ ಕೈ ಹಿಡಿದು ಸರಪಳಿ ಕಟ್ಟಿದಾಗ ಒಬ್ಬನ ಹೆಜ್ಜೆ ಅರ್ಧ ಅಡಿ ತಡವಾದರೂ ದಾಳಿಗಾರ ಆ ಸಂದಿಯಲ್ಲೇ ನುಸುಳಿಹೋಗುತ್ತಾನೆ. ಇಲ್ಲಿಯೂ ಹಾಗೆಯೇ. ಗಾರ್ಡ್ ಮತ್ತು ಸೆಂಟರ್ ಇಬ್ಬರೂ ಸೇರಿ ಎದುರಿನ ಭಾರೀ ಆಳನ್ನು ಹಿಂದಕ್ಕೆ ನೂಕುತ್ತಾರೆ. ಅವನು ಅಲುಗಾಡಿದ ಗಳಿಗೆಯಲ್ಲಿ ಇಬ್ಬರಲ್ಲೊಬ್ಬರು ಅವನನ್ನು ಬಿಟ್ಟು ಅವನ ಹಿಂದೆ ನಿಂತ ರಕ್ಷಕ ಲೈನ್‌ಬ್ಯಾಕರ್‌ನತ್ತ ನುಗ್ಗಬೇಕು. ಯಾರು ಬಿಡಬೇಕು, ಯಾವಾಗ ಬಿಡಬೇಕು ಎಂದು ಹೇಳಿಕೊಳ್ಳಲು ಸಮಯವಿಲ್ಲ. ಭುಜಕ್ಕೆ ಭುಜ ತಗಲಿದ ಒತ್ತಡದಲ್ಲೇ ತಿಳಿಯಬೇಕು. ತಿಂಗಳುಗಟ್ಟಲೆ ಪಕ್ಕಪಕ್ಕದಲ್ಲಿ ನಿಂತು ದುಡಿದವರಿಗೆ ಮಾತ್ರ ಒಲಿಯುವ ವಿದ್ಯೆ ಇದು. ಹಾಗಾಗಿ ಈ ಐವರ ಮುಂಚೂಣಿಯನ್ನು ಒಂದೇ ಬೇಸಿಗೆಯಲ್ಲಿ ಕೊಂಡು ತರುವುದು ಕಷ್ಟ. ಐವರಲ್ಲಿ ನಾಲ್ವರು ಚೆನ್ನಾಗಿ ಆಡಿ ಒಬ್ಬ ತಪ್ಪಿದರೂ ಓಟ ಅಲ್ಲೇ ಸತ್ತುಹೋಗುತ್ತದೆ. ಅತ್ಯುತ್ತಮ ಆಟಗಾರ ಒಬ್ಬ ಇರುವುದಕ್ಕಿಂತ ಐವರಲ್ಲಿ ಯಾರೂ ದುರ್ಬಲರಲ್ಲದಿರುವುದೇ ಇಲ್ಲಿ ಮುಖ್ಯ.

ಸ್ವಿಫ್ಟ್ ಅವರ ಕಥೆಯನ್ನು ನಾನು ಈ ವಾದಕ್ಕೆ ಸಾಕ್ಷಿಯಾಗಿ ಕರೆಯುತ್ತೇನೆ. 2020ರಲ್ಲಿ ಡೆಟ್ರಾಯಿಟ್ ಲಯನ್ಸ್ ಅವರನ್ನು ಆರಿಸಿತು, 2023ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಕೊಟ್ಟಿತು. ಈಗಲ್ಸ್‌ನ ಮುಂಚೂಣಿಯ ಹಿಂದೆ ಅವರು ಆ ವರ್ಷ 1,049 ಗಜ ಓಡಿದರು, ಓಟಕ್ಕೆ ಸರಾಸರಿ 4.6 ಗಜ. ಮರುವರ್ಷ ಶಿಕಾಗೊಗೆ ಹೋದರು. ಅಲ್ಲಿನ ಮುಂಚೂಣಿ ಎಷ್ಟು ಸಡಿಲವಾಗಿತ್ತೆಂದರೆ ಚೆಂಡು ಎಸೆದು ಆಕ್ರಮಣ ನಡೆಸುವ ಹೊಸ ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್ 68 ಬಾರಿ ಚೆಂಡಿನೊಂದಿಗೆ ನೆಲಕ್ಕೆ ಬಿದ್ದರು. ಸ್ವಿಫ್ಟ್ ಸರಾಸರಿ 3.8ಕ್ಕೆ ಇಳಿಯಿತು. 2025ರಲ್ಲಿ ಅದೇ ಊರು, ಅದೇ ಅಂಗಿ, ಒಂದು ವರ್ಷ ಹೆಚ್ಚಾದ ವಯಸ್ಸು. ಆದರೆ ಮುಂದೆ ನಿಂತವರು ಬದಲಾಗಿದ್ದರು. 1,087 ಗಜ, ಸರಾಸರಿ 4.9. ಮೂರು ವರ್ಷಗಳಲ್ಲಿ ಅವರ ಕಾಲುಗಳಿಗೆ ಕಲಿತದ್ದು ಮರೆತುಹೋಗಿ ಮತ್ತೆ ನೆನಪಾಯಿತೆಂದು ಯಾರೂ ಹೇಳಲಾರರು.

ಸೇಕ್ವಾನ್ ಬಾರ್ಕ್ಲಿ ಅವರದು ಇನ್ನೂ ದೊಡ್ಡ ಉದಾಹರಣೆ. 2018ರ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಅವರನ್ನು ಎರಡನೆಯ ಆಯ್ಕೆಯಾಗಿ ತಂದಿತು. ಹುಡುಗ ಮೋಸ ಮಾಡಲಿಲ್ಲ. ಮೊದಲ ವರ್ಷವೇ 1,307 ಗಜ ಓಡಿ ಆಕ್ರಮಣ ವಿಭಾಗದ ಶ್ರೇಷ್ಠ ಹೊಸಬ ಎಂಬ ಗೌರವ ಪಡೆದರು. ತಂಡ ಮಾತ್ರ ಐದು ಪಂದ್ಯ ಗೆದ್ದು ಹನ್ನೊಂದು ಸೋತಿತು. 2023ರಲ್ಲಿ ಜೈಂಟ್ಸ್‌ಗೆ ಕೊನೆಯ ಬಾರಿ ಆಡಿದಾಗ 962 ಗಜ, ಸರಾಸರಿ 3.9. ಮರುವರ್ಷ ಈಗಲ್ಸ್ ಸೇರಿ 2,005 ಗಜ, ಸರಾಸರಿ 5.8. ಒಂದು ಋತುವಿನಲ್ಲಿ ಎರಡು ಸಾವಿರ ಗಜ ದಾಟಿದ ಒಂಬತ್ತನೆಯವರಾದರು, ಈಗಲ್ಸ್ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಜೇಲನ್ ಹರ್ಟ್ಸ್‌ರಂಥ ಓಡಬಲ್ಲ ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿದ್ದುದರಿಂದ ರಕ್ಷಕರು ಇಬ್ಬರ ಮೇಲೂ ಕಣ್ಣಿಡಬೇಕಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ಬಹುಪಾಲು ಋಣ ಮುಂಚೂಣಿಯದೇ.

ಆ ಮುಂಚೂಣಿ ಹೇಗೆ ಬೆಳೆಯಿತು ಎಂದು ನೋಡಿದರೆ ಹೊಟ್ಟೆ ತುಂಬುತ್ತದೆ. ಬಲ ಟ್ಯಾಕಲ್ ಲೇನ್ ಜಾನ್ಸನ್ 2013ರ ನಾಲ್ಕನೆಯ ಆಯ್ಕೆ. ಎಡ ಗಾರ್ಡ್ ಲ್ಯಾಂಡನ್ ಡಿಕರ್ಸನ್ 2021ರ ಎರಡನೆಯ ಸುತ್ತು. ಸೆಂಟರ್ ಕ್ಯಾಮ್ ಜರ್ಗೆನ್ಸ್ 2022ರ ಎರಡನೆಯ ಸುತ್ತು. ಹಳೆಯ ಸೆಂಟರ್ ಜೇಸನ್ ಕೆಲ್ಸಿ ಇನ್ನೂ ಆಡುತ್ತಿದ್ದಾಗಲೇ ಅವರ ಉತ್ತರಾಧಿಕಾರಿಯಾಗಿ ಜರ್ಗೆನ್ಸ್‌ರನ್ನು ತಂದಿಟ್ಟುಕೊಂಡಿದ್ದರು. ಕೆಲ್ಸಿ 2024ರಲ್ಲಿ ನಿವೃತ್ತರಾದ ದಿನ ಆ ಜಾಗಕ್ಕೆ ಹುಡುಕಾಟವೇ ಬೇಕಾಗಲಿಲ್ಲ. ಎಡ ಟ್ಯಾಕಲ್ ಜೋರ್ಡನ್ ಮೈಲಾಟ ಆಸ್ಟ್ರೇಲಿಯಾದಲ್ಲಿ ರಗ್ಬಿ ಲೀಗ್ ಆಡುತ್ತಿದ್ದವರು. ಡ್ರಾಫ್ಟ್ ಆಗುವ ದಿನದವರೆಗೆ ಒಂದೇ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯ ಆಡಿರಲಿಲ್ಲ. 2018ರಲ್ಲಿ ಅವರನ್ನು ಆರಿಸಿದ್ದು 233ನೆಯ ಸರದಿಯಲ್ಲಿ, ಮೊನಾಂಗಾಯ್ ಅವರದೇ ಸಂಖ್ಯೆ. ತರಬೇತುದಾರ ಜೆಫ್ ಸ್ಟೌಟ್‌ಲ್ಯಾಂಡ್ ಅವರ ಕೈಯಲ್ಲಿ ಎರಡು ವರ್ಷ ನಿಲ್ಲುವುದು, ಹೆಜ್ಜೆ ಇಡುವುದು, ಕೈ ಇಡುವುದು ಕಲಿತು 2020ರಲ್ಲಿ ಮೊದಲ ಬಾರಿ ಕಣಕ್ಕಿಳಿದರು. ಬಾರ್ಕ್ಲಿ ಬಂದಾಗ ಹೊಲ ಹದವಾಗಿತ್ತು, ಅವರು ಬಂದು ಬಿತ್ತಿದರು.

2018ರ ಅದೇ ಡ್ರಾಫ್ಟ್‌ನ ಇನ್ನೊಂದು ಪುಟವನ್ನೂ ಓದಬೇಕು. ಮೂರನೆಯ ಸರದಿ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನದಾಗಿತ್ತು. ಅವರು ಅದನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಬಿಟ್ಟುಕೊಟ್ಟು ಆರನೆಯ ಸ್ಥಾನಕ್ಕೆ ಇಳಿದರು, ಬದಲಿಗೆ ಎರಡನೆಯ ಸುತ್ತಿನ ಹಲವು ಹಕ್ಕುಗಳನ್ನು ಪಡೆದರು. ಆರನೆಯದರಲ್ಲಿ ಕ್ವೆಂಟನ್ ನೆಲ್ಸನ್ ಎಂಬ ಗಾರ್ಡ್‌ನನ್ನು, ಸಿಕ್ಕ ಹಕ್ಕುಗಳಲ್ಲೊಂದರಿಂದ ಬ್ರೇಡನ್ ಸ್ಮಿತ್ ಎಂಬ ಇನ್ನೊಬ್ಬ ಮುಂಚೂಣಿಗನನ್ನು ತಂದರು. ಗಾರ್ಡ್‌ಗೆ ಆರನೆಯ ಆಯ್ಕೆ ದುಬಾರಿಯೆಂದು ಬಹಳ ಜನ ಅಂದಿನ ದಿನಗಳಲ್ಲಿ ಭಾವಿಸುತ್ತಿದ್ದರು. ಓಟಗಾರ ಜೊನಾಥನ್ ಟೇಲರ್ ಬಂದದ್ದು 2020ರಲ್ಲಿ, ಅದೂ ಎರಡನೆಯ ಸುತ್ತಿನ 41ನೆಯವರಾಗಿ. 2021ರಲ್ಲಿ ಅವರು 1,811 ಗಜ ಓಡಿ ಇಡೀ ಲೀಗ್‌ಗೆ ಮೊದಲಿಗರಾದರು. 2018ರ ಒಂದೇ ಡ್ರಾಫ್ಟ್‌ನಲ್ಲಿ ಜೈಂಟ್ಸ್ ಕಳಶ ತಂದಿತು, ಕೋಲ್ಟ್ಸ್ ಪಾಯ ಹಾಕಿತು.

ಹಾಗಾದರೆ ಮೊದಲ ಸುತ್ತಿನಲ್ಲಿ ಓಟಗಾರನನ್ನು ತರುವುದೇ ತಪ್ಪೇ? ಅನೇಕ ವಿಶ್ಲೇಷಕರು ಹಾಗೆನ್ನುತ್ತಾರೆ. 2013, 2014 ಮತ್ತು 2024ರ ಡ್ರಾಫ್ಟ್‌ಗಳಲ್ಲಿ ಮೊದಲ ಸುತ್ತಿನಲ್ಲಿ ಒಬ್ಬನೇ ಒಬ್ಬ ರನ್ನಿಂಗ್ ಬ್ಯಾಕ್ ಆಯ್ಕೆಯಾಗಲಿಲ್ಲ. ಓಟಗಾರರ ಮೈ ಬೇಗ ಸವೆಯುತ್ತದೆ, ಒಳ್ಳೆಯವರು ನಾಲ್ಕು, ಐದನೆಯ ಸುತ್ತಿನಲ್ಲೂ ಸಿಗುತ್ತಾರೆ ಎಂಬುದು ಅವರ ಲೆಕ್ಕ. ನಾನು ಅಷ್ಟು ದೂರ ಹೋಗುವುದಿಲ್ಲ, ಏಕೆಂದರೆ ಡೆಟ್ರಾಯಿಟ್ ಕಣ್ಣ ಮುಂದಿದೆ. 2023ರಲ್ಲಿ ಲಯನ್ಸ್ ಆರನೆಯ ಸರದಿಯಿಂದ ಹನ್ನೆರಡಕ್ಕೆ ಇಳಿದು ಜಮೀರ್ ಗಿಬ್ಸ್ ಅವರನ್ನು ಆರಿಸಿದಾಗ ಆ ರಾತ್ರಿಯೇ ಟೀಕೆಗಳ ಮಳೆ ಸುರಿಯಿತು. ಸ್ವಿಫ್ಟ್ ಇರುವಾಗ ಇನ್ನೊಬ್ಬ ಓಟಗಾರನೇ, ಅದೂ ಹನ್ನೆರಡನೆಯ ಆಯ್ಕೆಯಲ್ಲೇ ಎಂದರು. 2024ರಲ್ಲಿ ಗಿಬ್ಸ್ 1,412 ಗಜ ಓಡಿ ಓಟದಲ್ಲೇ 16 ಬಾರಿ ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಹೊಡೆದರು, ತಂಡ 15 ಪಂದ್ಯ ಗೆದ್ದು ಎರಡೇ ಸೋತಿತು.

ಟೀಕಿಸಿದವರು ಗಿಬ್ಸ್ ಬರುವಾಗ ಅಲ್ಲಿ ಯಾರು ಆಗಲೇ ನಿಂತಿದ್ದರು ಎಂಬುದನ್ನು ಎಣಿಸಲಿಲ್ಲ. ಟೇಲರ್ ಡೆಕರ್ 2016ರ ಮೊದಲ ಸುತ್ತು, ಫ್ರಾಂಕ್ ರಾಗ್ನೊ 2018ರ ಮೊದಲ ಸುತ್ತು, ಪೆನೆ ಸಿವೆಲ್ 2021ರ ಮೊದಲ ಸುತ್ತಿನ ಏಳನೆಯ ಆಯ್ಕೆ. ಗಿಬ್ಸ್ ಬರುವ ಹಿಂದಿನ ವರ್ಷ, 2022ರಲ್ಲಿ, ಇದೇ ಮುಂಚೂಣಿಯ ಹಿಂದೆ ಜಮಾಲ್ ವಿಲಿಯಮ್ಸ್ 17 ಟಚ್‌ಡೌನ್ ಓಡಿ ಲಯನ್ಸ್‌ನ ಹಳೆಯ ಓಟಗಾರ ಬ್ಯಾರಿ ಸ್ಯಾಂಡರ್ಸ್ ಹೆಸರಿನಲ್ಲಿದ್ದ ತಂಡದ ದಾಖಲೆ ಮುರಿದಿದ್ದರು. ಅಂದರೆ ದಾರಿ ಸಿದ್ಧವಾಗಿತ್ತು, ಆ ದಾರಿಯಲ್ಲಿ ಹತ್ತು ಗಜವನ್ನು ಐವತ್ತು ಮಾಡಬಲ್ಲ ವೇಗ ಬೇಕಿತ್ತು. ಅಂಥ ತಂಡಕ್ಕೆ ಗಿಬ್ಸ್ ಐಷಾರಾಮವಲ್ಲ. ಮೊದಲ ಸುತ್ತಿನ ಓಟಗಾರನ ಬೆಲೆ ಅವನ ಪ್ರತಿಭೆಯಷ್ಟೇ ಅವನು ಯಾವ ವರ್ಷ ಬಂದ ಎಂಬುದರಿಂದಲೂ ನಿರ್ಧಾರವಾಗುತ್ತದೆ.

ಈ ಪಾಠವನ್ನು ಶಿಕಾಗೊಗೆ ಹೊತ್ತು ತಂದವರು ಬೆನ್ ಜಾನ್ಸನ್. ಲಯನ್ಸ್‌ನ ಆಕ್ರಮಣ ನಡೆಸುತ್ತಿದ್ದ ಅವರು 2025ರಲ್ಲಿ ಬೇರ್ಸ್‌ನ ಮುಖ್ಯ ತರಬೇತುದಾರರಾದರು. ಡ್ರಾಫ್ಟ್‌ಗೆ ಮೊದಲೇ ಬೇರ್ಸ್ 2026ರ ನಾಲ್ಕನೆಯ ಸುತ್ತಿನ ಹಕ್ಕು ಕೊಟ್ಟು ಕ್ಯಾನ್ಸಸ್ ಸಿಟಿಯಿಂದ ಗಾರ್ಡ್ ಜೋ ಟೂನಿ ಅವರನ್ನು, ಆರನೆಯ ಸುತ್ತಿನ ಹಕ್ಕು ಕೊಟ್ಟು ಲಾಸ್ ಏಂಜಲಿಸ್ ರ‍್ಯಾಮ್ಸ್‌ನಿಂದ ಇನ್ನೊಬ್ಬ ಗಾರ್ಡ್ ಜೋನಾ ಜಾಕ್ಸನ್ ಅವರನ್ನು ತಂದಿತು. ಜಾಕ್ಸನ್ ಹಿಂದೆ ಡೆಟ್ರಾಯಿಟ್‌ನಲ್ಲಿ ಜಾನ್ಸನ್ ಜೊತೆಗಿದ್ದವರು. ಸೆಂಟರ್ ಡ್ರೂ ಡಾಲ್ಮನ್ ಅವರನ್ನು ಹಣ ಕೊಟ್ಟೇ ಕರೆಸಿಕೊಂಡರು. ಬಲ ಟ್ಯಾಕಲ್ ಡಾರ್ನೆಲ್ ರೈಟ್ 2023ರ ಹತ್ತನೆಯ ಆಯ್ಕೆಯಾಗಿ ಆಗಲೇ ಮನೆಯಲ್ಲಿದ್ದರು. ಡ್ರಾಫ್ಟ್‌ನಲ್ಲಿ ಎರಡನೆಯ ಸುತ್ತಿಗೆ ಟ್ಯಾಕಲ್ ಓಜಿ ಟ್ರಪಿಲೊ ಬಂದರು. ಮೊದಲ ಸುತ್ತಿನ ಹತ್ತನೆಯ ಆಯ್ಕೆ ಟೈಟ್ ಎಂಡ್ ಕೋಲ್ಸ್ಟನ್ ಲವ್‌ಲ್ಯಾಂಡ್, ಗೆರೆಯ ಅಂಚಿನಲ್ಲಿ ನಿಂತು ತಡೆಯಲೂ ಎಸೆತ ಹಿಡಿಯಲೂ ಬರುವವರು. ಓಟಗಾರ ಮೊನಾಂಗಾಯ್ ಕಟ್ಟಕಡೆಗೆ, ಏಳನೆಯ ಸುತ್ತಿನಲ್ಲಿ.

ಈ ಕ್ರಮ ನನಗೆ ಬಹಳ ಹಿಡಿಸಿದೆ. ಡ್ರಾಫ್ಟ್ ಎಂದರೆ ಹೊಸ ಹುಡುಗರ ಹೆಸರು ಕೂಗುವ ದಿನ ಮಾತ್ರ ಎಂದುಕೊಂಡರೆ ಟೂನಿ, ಜಾಕ್ಸನ್ ಅವರನ್ನು ಲೆಕ್ಕಕ್ಕೆ ಸೇರಿಸುವುದನ್ನು ಮರೆಯುತ್ತೇವೆ. ಸಣ್ಣ ಹಕ್ಕುಗಳನ್ನು ಕೊಟ್ಟು ಕೆಲಸ ಕಲಿತವರನ್ನು ತಂದದ್ದರಿಂದ ವರ್ಷಗಳ ಕಾಯುವಿಕೆ ಕೆಲವೇ ತಿಂಗಳಿಗೆ ಇಳಿಯಿತು. ಆದರೂ ಸೆಪ್ಟೆಂಬರ್‌ನಲ್ಲಿ ಅವರ ಓಟ ಎಡವುತ್ತಿತ್ತು. ಐದನೆಯ ವಾರದ ಬಿಡುವಿನ ನಂತರವೇ ಅದು ಹದಕ್ಕೆ ಬಂದದ್ದು. ನವೆಂಬರ್ 28ರಂದು ಫಿಲಡೆಲ್ಫಿಯಾದಲ್ಲಿ, ಹಿಂದಿನ ವರ್ಷದ ಚಾಂಪಿಯನ್ನರ ಅಂಗಳದಲ್ಲೇ, ಬೇರ್ಸ್ 281 ಗಜ ಓಡಿ 24-15ರಿಂದ ಗೆದ್ದಿತು. ಮೊನಾಂಗಾಯ್ 130, ಸ್ವಿಫ್ಟ್ 125. ಬೇರ್ಸ್‌ನ ಹಳೆಯ ಓಟಗಾರ ವಾಲ್ಟರ್ ಪೇಟನ್ ಕಾಲದ ನಂತರ, ಅಂದರೆ 1985ರ ನಂತರ, ಒಂದೇ ಪಂದ್ಯದಲ್ಲಿ ಇಬ್ಬರು ಬೇರ್ಸ್ ಓಟಗಾರರು ನೂರು ದಾಟಿದ್ದು ಅದೇ ಮೊದಲು. ವಿಲಿಯಮ್ಸ್ ನೆಲಕ್ಕೆ ಬೀಳುವ ಸಂಖ್ಯೆ 68ರಿಂದ 24ಕ್ಕೆ ಇಳಿಯಿತು. ತಂಡ ತನ್ನ ವಿಭಾಗವನ್ನು ಗೆದ್ದಿತು.

ಓಟಕ್ಕೆ ಈಗ ಮತ್ತೆ ಬೆಲೆ ಬಂದಿರುವುದಕ್ಕೂ ಕಾರಣವಿದೆ. ಉದ್ದದ ಎಸೆತಗಳನ್ನು ತಡೆಯಲು ರಕ್ಷಣಾ ತಂಡಗಳು ಸೇಫ್ಟಿಗಳೆಂಬ ಇಬ್ಬರು ಹಿಂಬದಿ ರಕ್ಷಕರನ್ನು ಆಳದಲ್ಲಿ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡಿವೆ. ಹಿಂದೆ ಇಬ್ಬರು ಹೋದರೆ ಮುಂದೆ ಜನ ಕಡಿಮೆಯಾಗುತ್ತಾರೆ. ಆ ಬಯಲಿನಲ್ಲಿ ಓಡಬಲ್ಲ ತಂಡವು ಸೇಫ್ಟಿಗಳನ್ನು ಮತ್ತೆ ಮುಂದಕ್ಕೆ ಎಳೆಯುತ್ತದೆ, ಆಗ ಎಸೆತವೂ ಸಲೀಸಾಗುತ್ತದೆ.

ಈಗ ರೈಡರ್ಸ್ ಕಡೆ ತಿರುಗೋಣ. ಜೆಂಟಿ ಕಳಪೆ ಆಯ್ಕೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2024ರಲ್ಲಿ ಕಾಲೇಜು ತಂಡ ಬಾಯ್ಸಿ ಸ್ಟೇಟ್ ಪರ ಅವರು 2,601 ಗಜ ಓಡಿದ್ದರು. 1988ರಲ್ಲಿ ಬ್ಯಾರಿ ಸ್ಯಾಂಡರ್ಸ್ ಬರೆದ 2,628ರ ಕಾಲೇಜು ದಾಖಲೆಗೆ 27 ಗಜ ಕಡಿಮೆ. ಹೊಡೆತ ತಿಂದೂ ನಿಲ್ಲದ ಸಮತೋಲನ ಅವರ ಹೆಚ್ಚುಗಾರಿಕೆ. ಆದರೆ ಎನ್‌ಎಫ್‌ಎಲ್‌ನಲ್ಲಿ ಗೆರೆ ದಾಟುವ ಮೊದಲೇ ಹೊಡೆತ ಬೀಳುತ್ತಿತ್ತು. ಋತುವಿನ ಕೊನೆಗೆ ಓಟದಲ್ಲಿ ಒಂದು ಸಾವಿರ ಗಜ ಅವರಿಗೆ ದಕ್ಕಲಿಲ್ಲ. ಮುಂಚೂಣಿಗೆಂದು ರೈಡರ್ಸ್ ತಂದವರು ಮೂರನೆಯ ಸುತ್ತಿನ ಕೊನೆಯಲ್ಲಿ ಕೇಲಬ್ ರಾಜರ್ಸ್ ಮತ್ತು ಚಾರ್ಲ್ಸ್ ಗ್ರಾಂಟ್, 98 ಮತ್ತು 99ನೆಯ ಆಯ್ಕೆಗಳು. ಅಂಥವರಿಗೆ ಕಲಿಯಲು ಕಾಲ ಬೇಕು. ಇಬ್ಬರೂ ಋತುವಿನ ಹೆಚ್ಚು ಭಾಗ ಬೆಂಚಿನಲ್ಲಿದ್ದರು. ಮಿಲ್ಲರ್ ಹೋದ ಜಾಗಕ್ಕೆ ತಕ್ಕ ಬದಲಿ ಇರಲಿಲ್ಲ. 2024ರ ಎರಡನೆಯ ಸುತ್ತಿನ ಜಾಕ್ಸನ್ ಪವರ್ಸ್-ಜಾನ್ಸನ್ ಕಾಲೇಜಿನಲ್ಲಿ ದೇಶದ ಶ್ರೇಷ್ಠ ಸೆಂಟರ್ ಎನಿಸಿಕೊಂಡವರು. ಅವರನ್ನು ಗಾರ್ಡ್ ಸ್ಥಾನಕ್ಕೆ ಸರಿಸಿದರು, ಋತುವಿನ ನಡುವೆ ಅವರೂ ಗಾಯಗೊಂಡರು. ಇದರ ಮೇಲೆ ಪಂದ್ಯದಿಂದ ಪಂದ್ಯಕ್ಕೆ ಹಿಂದೆ ಬಿದ್ದ ತಂಡ ಓಟ ಬಿಟ್ಟು ಎಸೆಯಲೇಬೇಕಾಯಿತು, ಎದುರಾಳಿಗಳಿಗೆ ಅದು ಮೊದಲೇ ತಿಳಿದಿರುತ್ತಿತ್ತು.

ಮುಂಚೂಣಿಗೆ ಆಯ್ಕೆಗಳನ್ನು ಸುರಿದವರೂ ಪಾರಾಗುತ್ತಾರೆಂಬ ಖಾತರಿಯಿಲ್ಲ, ಇದನ್ನು ಮುಚ್ಚಿಡಬಾರದು. ಲಾಸ್ ಏಂಜಲಿಸ್ ಚಾರ್ಜರ್ಸ್ 2021ರಲ್ಲಿ ರಾಶಾನ್ ಸ್ಲೇಟರ್, 2024ರಲ್ಲಿ ಜೋ ಆಲ್ಟ್ ಎಂಬ ಇಬ್ಬರು ಟ್ಯಾಕಲ್‌ಗಳನ್ನು ಮೊದಲ ಸುತ್ತಿನಲ್ಲೇ ತಂದಿತ್ತು. ಆಮೇಲೆ 2025ರಲ್ಲಿ ಮೊದಲ ಸುತ್ತಿನಲ್ಲಿ ಓಮಾರಿಯನ್ ಹ್ಯಾಂಪ್ಟನ್ ಎಂಬ ಓಟಗಾರನನ್ನು ತಂದಿತು. ಸರಿಯಾದ ಕ್ರಮವೇ. ಆದರೆ ಸ್ಲೇಟರ್ ಆಗಸ್ಟ್‌ನಲ್ಲೇ ಮೊಣಕಾಲಿಗೆ ಗಂಭೀರ ಗಾಯ ಮಾಡಿಕೊಂಡರು, ಆಲ್ಟ್ ಕಾಲಿನ ಗಾಯದಿಂದ ಹೊರಬಿದ್ದರು. ಈಗಲ್ಸ್‌ಗೂ ಅದೇ ವರ್ಷ ಲೇನ್ ಜಾನ್ಸನ್ ಗಾಯಗೊಂಡು ದೂರ ಉಳಿದರು, ಬಾರ್ಕ್ಲಿ 2,005ರಿಂದ 1,140ಕ್ಕೆ ಇಳಿದರು. ಓಟಗಾರ ಅದೇ, ಮುಂಚೂಣಿ ಕುಗ್ಗಿತು. ಹಾಗಾಗಿ ಡ್ರಾಫ್ಟ್‌ನಲ್ಲಿ ಐವರನ್ನು ಎಣಿಸಿದರೆ ಸಾಲದು, ಏಳೆಂಟು ಮಂದಿಯನ್ನು ಎಣಿಸಬೇಕು. ಆರನೆಯವನು ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲದ ತಂಡ ಓಟದ ತಂಡವಲ್ಲ. ಬೇರ್ಸ್‌ಗೂ ಈ ಚಿಂತೆ ತಪ್ಪಿಲ್ಲ. 2026ರ ಜನವರಿಯಲ್ಲಿ ಪ್ಲೇಆಫ್ ಪಂದ್ಯದಲ್ಲಿ ಟ್ರಪಿಲೊ ಮೊಣಕಾಲಿಗೆ ಗಂಭೀರ ಪೆಟ್ಟು ಬಿದ್ದಿತು.

ರೈಡರ್ಸ್‌ಗೆ ನನ್ನ ಲೆಕ್ಕ ಹೀಗಿದೆ. 2025ರ ಸೋಲುಗಳು 2026ರ ಡ್ರಾಫ್ಟ್‌ನ ಮೊದಲ ಆಯ್ಕೆಯ ಹಕ್ಕನ್ನು ಅವರಿಗೆ ತಂದುಕೊಟ್ಟವು. ಆ ಹಕ್ಕು ಕ್ವಾರ್ಟರ್‌ಬ್ಯಾಕ್‌ಗೆ ಹೋಗುವುದು ಸಹಜ, ಅದರ ಬಗ್ಗೆ ತಕರಾರಿಲ್ಲ. ಆದರೆ ಜೆಂಟಿಯ ಮೊದಲ ಒಪ್ಪಂದದಲ್ಲಿ ಉಳಿದಿರುವುದು 2026, 2027, 2028 ಎಂಬ ಮೂರು ಋತುಗಳು. ಮಿಲ್ಲರ್ ಮೂವತ್ತು ದಾಟಿದ್ದಾರೆ. ಎರಡು ಮತ್ತು ಮೂರನೆಯ ಸುತ್ತುಗಳ ಹಕ್ಕುಗಳು ಸತತವಾಗಿ ಮುಂಚೂಣಿಗೆ ಸಂದರೆ, ನಾಲ್ಕನೆಯ ಸುತ್ತಿನಂಥ ಹಕ್ಕು ಕೊಟ್ಟು ಟೂನಿಯಂಥ ಅನುಭವಿಯೊಬ್ಬರನ್ನು ತಂದರೆ, ಪವರ್ಸ್-ಜಾನ್ಸನ್ ಒಂದೇ ಜಾಗದಲ್ಲಿ ಇಡೀ ಋತು ನಿಂತರೆ, ರಾಜರ್ಸ್ ಮತ್ತು ಗ್ರಾಂಟ್ ಎರಡನೆಯ ವರ್ಷದಲ್ಲಿ ಮೈಲಾಟ ಹಾಗೆ ಕಲಿಯುತ್ತಾ ಹೋದರೆ, ಆ ಮೂರರಲ್ಲಿ ಎರಡು ಋತುಗಳಾದರೂ ಹುಡುಗನಿಗೆ ದಕ್ಕುತ್ತವೆ. 2026ರ ಋತುವಿನ ಮೊದಲ ಪಂದ್ಯದಲ್ಲಿ ಜೆಂಟಿ ಎಷ್ಟು ಗಜ ಓಡಿದರೆಂದು ನಾನು ಮೊದಲು ನೋಡುವುದಿಲ್ಲ. ಚೆಂಡು ಕೈಗೆ ಬಂದ ಮೇಲೆ ಮೊದಲ ಎದುರಾಳಿ ಅವರನ್ನು ಎಲ್ಲಿ ಮುಟ್ಟಿದ, ಗೆರೆಯ ಹಿಂದೆಯೋ ಗೆರೆ ದಾಟಿ ಮೂರು ಗಜ ಮುಂದೆಯೋ ಎಂದು ನೋಡುತ್ತೇನೆ.